ಜೊಲ್ಲಿಲ್ಲದ ನಾಯಿ

ಬಂಟ್ವಾಳ ಪೇಟೆಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಹಗ್ಗ, ಹಾರೆ, ಪಿಕಾಸಿ, ಪೈಪು, ಬಾವಿಗೆ ಇಳಿಸುವ ಸಿಮೆಂಟ್ ರಿಂಗು. ನಮ್ಮ ಕಡೆಯ ರಕ್ಷಣಾ ತಂಡಕ್ಕೆ ನಾನು ಸೇರಿದ್ದು ಧೈರ್ಯ ಹೆಚ್ಚಾಗಿ ಅಲ್ಲ. ಮಳೆಗಾಲದಲ್ಲಿ ಅವರು ನನ್ನ ಅಂಗಡಿಯಿಂದಲೇ ಹಗ್ಗ ಒಯ್ಯುತ್ತಿದ್ದರು. ಅದನ್ನು ಸರಿಯಾಗಿ ಕಟ್ಟುತ್ತಾರೋ ಇಲ್ಲವೋ ಎಂಬ ಚಿಂತೆಯಲ್ಲಿ ಒಮ್ಮೆ ಹಿಂದೆಯೇ ಹೋದೆ, ಮತ್ತೆ ಬಿಟ್ಟು ಬರಲಾಗಲಿಲ್ಲ. ತಂಡದಲ್ಲಿ ಈಜುವವರಿದ್ದರು, ಮರ ಹತ್ತುವವರಿದ್ದರು, ಜೆಸಿಬಿ ಬಿಡುವವರಿದ್ದರು. ಚಿಂತೆ ಮಾಡುವವನ ಜಾಗ ಮಾತ್ರ ಖಾಲಿ ಇತ್ತು.

ಮೂರು ಮಳೆಗಾಲದ ಹಿಂದೆ, ಬೆಳ್ತಂಗಡಿ ತಾಲೂಕಿನ ಒಳಗಿನ ಒಂದು ಊರಿನಲ್ಲಿ ಗುಡ್ಡ ಜರಿದು ಮನೆಯೊಂದರ ಮೇಲೆ ಬಿತ್ತು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಗಂಡ ಬೆಳಿಗ್ಗೆ ಡೈರಿಗೆ ಹಾಲು ಕೊಟ್ಟು ತಿರುಗಿ ಬರುವಾಗ ಮನೆಯ ಅರ್ಧ ಭಾಗ ಕೆಂಪು ಮಣ್ಣಿನ ಕೆಳಗೆ ಇತ್ತು. ತಾನು ಹೊರಡುವಾಗ ಅವಳು ಒಲೆಯ ಮೇಲೆ ದೋಸೆಯ ಕಾವಲಿ ಇಟ್ಟಿದ್ದಳು ಎಂದು ಆತ ಅಡುಗೆಮನೆಯ ಕಡೆಗೆ ಕೈ ತೋರಿಸಿದ. ನಾವು ಅಲ್ಲಿ ಅಗೆಯತೊಡಗಿದೆವು. ತೆಗೆದ ಮಣ್ಣನ್ನು ಎಲ್ಲಿ ಹಾಕುವುದು ಎಂದು ಹುಡುಗರು ನನ್ನನ್ನು ಕೇಳಿದರು. ಮೇಲೆ ಹಾಕಿದರೆ ಮತ್ತೆ ಜರಿದೀತು, ದಾರಿಗೆ ಹಾಕಿದರೆ ಆಂಬುಲೆನ್ಸ್ ಬರಲಾಗದು. ಬಹಳ ಯೋಚನೆ ಮಾಡಿ ದನದ ಹಟ್ಟಿಯ ಕಡೆಗೆ ಹಾಕಿಸಿದೆ. ಹಟ್ಟಿ ಹೇಗೂ ಹೆಂಚಿನ ಮಾಡು ಸಮೇತ ಕುಸಿದಿತ್ತು, ದನ ಹೊರಗೆ ದಾರಿಯಲ್ಲಿ ನಿಂತಿತ್ತು. ಅದನ್ನು ಬದಿಗೆ ಹೊಡೆದು ಕಟ್ಟಿದವನೂ ನಾನೇ. ಅದರ ಕೊರಳಿನ ಹಗ್ಗ ತುಂಡಾಗಿರಲಿಲ್ಲ. ಗಂಟನ್ನು ಯಾರೋ ಕೈಯಿಂದ ಬಿಚ್ಚಿದ್ದರು.

ಹಗ್ಗ ಮಾರಿ ಬದುಕುವ ನನಗೆ ಅದು ಕಂಡಿತ್ತು. ಕಂಡದ್ದು ತಲೆಗೆ ಹೋಗಲಿಲ್ಲ.

ಮರುದಿನ ಸಂಜೆ ಆಕೆ ಸಿಕ್ಕಿದ್ದು ಹಟ್ಟಿಯ ಬಾಗಿಲಲ್ಲಿ, ನಾವು ಹಾಕಿದ ಮಣ್ಣಿನ ಕೆಳಗೆ. ದನ ಬಿಚ್ಚಲು ಹೋಗಿದ್ದಳು. ಮೊದಲೇ ಅಲ್ಲಿ ಅಗೆದಿದ್ದರೆ ಬದುಕುತ್ತಿದ್ದಳೋ ಎಂದು ನಾನು ಡಾಕ್ಟರರನ್ನು ಕೇಳಲಿಲ್ಲ. ಸಾಮಾನ್ಯವಾಗಿ ಶೀತ ಆದರೂ ಹತ್ತು ಪ್ರಶ್ನೆ ಕೇಳುವ ಮನುಷ್ಯ ನಾನು.

ಒಂದು ತಿಂಗಳ ನಂತರ ಆಕೆಯ ಗಂಡ ಅಂಗಡಿಗೆ ಬಂದರು. ನಾವು ಅಲ್ಲಿ ಮರೆತು ಬಂದಿದ್ದ ಹಾರೆಯನ್ನು ತೊಳೆದು ಹಿಂದೆ ಕೊಡಲಿಕ್ಕೆ ಎರಡು ಬಸ್ಸು ಬದಲಿಸಿ ಬಂದಿದ್ದರು. ಚಾ ತರಿಸಿದೆ. ಅರ್ಧ ಕುಡಿದು ಗ್ಲಾಸು ಕೆಳಗಿಟ್ಟು ಹೇಳಿದರು: "ಟಿವಿಯಲ್ಲಿ ತೋರಿಸ್ತಾರಲ್ಲ ಸಾಹೇಬ್ರೇ, ಮೂಸಿ ಹುಡುಕುವ ನಾಯಿ. ಅಂಥದ್ದು ಒಂದು ಇದ್ದಿದ್ರೆ ನನ್ನ ಕೈಯನ್ನು ಯಾರೂ ನಂಬಬೇಕು ಅಂತ ಇರ್ಲಿಲ್ಲ."

ಮಣ್ಣು ಹಾಕಿಸಿದ್ದು ನಾನು ಎಂದು ಅವರಿಗೆ ಗೊತ್ತಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಇನ್ನೊಂದು ಚಾ ಬೇಕಾ ಎಂದು ಕೇಳಿದೆ.

ತಂಡಕ್ಕೆ ನಮ್ಮದೇ ನಾಯಿ ಬೇಕೆಂಬ ಮಾತನ್ನು ಆ ವಾರದ ಸಭೆಯಲ್ಲಿ ನಾನು ಎತ್ತಿದ್ದು ಅದಕ್ಕೇ. ಸಭೆ ನಡೆಯುವುದು ವೇಣೂರಿನಲ್ಲಿ, ತಂಡದ ಹಿರಿಯರೊಬ್ಬರ ಮನೆಯ ಜಗಲಿಯಲ್ಲಿ. ಅವರು ಸೈನ್ಯದ ಶ್ವಾನದಳದಲ್ಲಿ ಹವಾಲ್ದಾರರಾಗಿದ್ದು ನಿವೃತ್ತಿಯಾದವರು, ಈಗ ಸಸಿ ಮಾರುತ್ತಾರೆ. ದೂರದ ಊರುಗಳಿಂದ ನಾಯಿ ಬಂದು ಮುಟ್ಟುವಷ್ಟರಲ್ಲಿ ಹೊತ್ತು ಮೀರುತ್ತದೆ, ನಮ್ಮದು ಎಂದು ಒಂದಿದ್ದರೆ ತಾನು ಕಲಿಸಬಲ್ಲೆ ಎಂದರು. ಯಾವ ತಳಿ ಎಂಬ ಪ್ರಶ್ನೆ ಬಂದಾಗ, ನಾನು ನೋಡಿ ಹೇಳುತ್ತೇನೆ ಎಂದುಬಿಟ್ಟೆ. ನಾಯಿ ಕಂಡರೆ ನಾನು ರಸ್ತೆಯ ಆಚೆ ಬದಿಗೆ ದಾಟುವುದು ಅಲ್ಲಿದ್ದವರಿಗೆಲ್ಲ ಗೊತ್ತು.

ಭಯ ಅರ್ಧ, ಇನ್ನರ್ಧ ನೀರಿನದ್ದು. ನಾಯಿಯ ಜೊಲ್ಲು ಮೈಗೆ ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿದ ನೀರಿನಲ್ಲಿ. ನಾವು ಮುಸ್ಲಿಮರು ಮಕ್ಕಳಾಗಿದ್ದಾಗಲೇ ಕಲಿಯುವ ಕ್ರಮ ಅದು. ತೋಟದಲ್ಲಿ ಕಾವಲಿಗೆ ನಾಯಿ ಸಾಕಿ, ತಾಗಿದರೆ ತೊಳೆದು ನೆಮ್ಮದಿಯಾಗಿರುವ ನೆಂಟರು ನನಗಿದ್ದಾರೆ. ನೆಮ್ಮದಿ ಇಲ್ಲದವ ನಾನು. ಐದೋ ಆರೋ ಎಂದು ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು ಮಾಡುವವ. ಒಂದೇ ಸಲಕ್ಕೆ ಬಾವಿ ಬತ್ತಿಸುತ್ತೀರಿ ಎಂದು ನನ್ನ ಹೆಂಡತಿ ಹೇಳುವುದುಂಟು.

ಹಾಗಾಗಿ ಒಂದು ಉದ್ದ ಪುಸ್ತಕದಲ್ಲಿ ಗೆರೆ ಎಳೆದು ಪಟ್ಟಿ ಮಾಡಿದೆ. ತಳಿ, ಮೂಗು, ಸೆಕೆ ತಡೆಯುವ ಶಕ್ತಿ, ಕೂದಲು, ಉಣ್ಣಿಯ ಕಾಟ, ಸಿಟ್ಟು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಜೊಲ್ಲು. ಬ್ಲಡ್‌ಹೌಂಡಿನ ಮೂಗಿಗೆ ಸಮನಿಲ್ಲ, ಆದರೆ ಅದರ ಬಾಯಿಯಿಂದ ಗೇಣುದ್ದ ದಾರ ಇಳಿಯುವ ಚಿತ್ರ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಜರ್ಮನ್ ಶೆಫರ್ಡಿಗೆ ನಮ್ಮ ಸೆಕೆಯಲ್ಲಿ ಆ ಕಂಬಳಿ ಮೈ. ಬೆಲ್ಜಿಯನ್ ಮ್ಯಾಲಿನಾಯ್ಸ್ ಚುರುಕು, ಹಲ್ಲೂ ಅಷ್ಟೇ ಚುರುಕು. ಲ್ಯಾಬ್ರಡಾರ್ ಎಲ್ಲ ಸಾಲಿನಲ್ಲೂ ಪಾಸು. ಮೂಗು ಉಂಟು, ಜನರ ಮೇಲೆ ಪ್ರೀತಿ ಉಂಟು, ಮಳೆಗೆ ಹೆದರುವುದಿಲ್ಲ. ಆ ಪ್ರೀತಿಯನ್ನು ನಾಲಿಗೆಯಲ್ಲಿ ತೋರಿಸುತ್ತದೆ ಎಂಬುದೇ ತೊಂದರೆ. ಅದರ ಹೆಸರಿನ ಮುಂದೆ "ಬೊಜ್ಜು ಬರುತ್ತದೆ" ಎಂದು ಬರೆದು ಹೊಡೆದು ಹಾಕಿದೆ. ಉಳಿದದ್ದು ಮುಧೋಳ. ನಮ್ಮದೇ ರಾಜ್ಯದ್ದು, ಸಪೂರ ಮೈ, ಗಿಡ್ಡ ಕೂದಲು, ಒಣಗಿದ ತುಟಿ.

ಹವಾಲ್ದಾರರು ಪುಸ್ತಕವನ್ನು ಕೊನೆಯವರೆಗೆ ಓದಿದರು. "ಸಾಹೇಬ್ರೇ, ಇದು ನಾಯಿ ಆರಿಸ್ಲಿಕ್ಕೋ, ಹೆಣ್ಣು ನೋಡ್ಲಿಕ್ಕೋ?" ಎಂದು ಕೇಳಿದರು. ಎಲ್ಲರೂ ನಕ್ಕರು. ತಳಿಗಿಂತ ಆ ಒಂದು ಮರಿಯ ಸ್ವಭಾವ ನೋಡಬೇಕು ಎಂದೂ ಹೇಳಿದರು. ನಾನು ಸೆಕೆ, ಉಣ್ಣಿ, ನಾಡಿನ ತಳಿ ಎಂದು ಅರ್ಧ ಗಂಟೆ ವಾದ ಮಾಡಿದೆ. ಜೊಲ್ಲಿನ ಮಾತೇ ಎತ್ತಲಿಲ್ಲ. ಸುಸ್ತಾಗಿ ಒಪ್ಪಿದರು.

ಮುಧೋಳದ ಮರಿ ಬಂತು. ಚಂದ ಎಂದರೆ ಚಂದ. ಎಂಟು ತಿಂಗಳು ಕಲಿಸಿದ ಮೇಲೆ ನರಿಕೊಂಬಿನ ಹೊಳೆ ಬದಿಯ ಕೊಯ್ಲಾದ ಗದ್ದೆಯಲ್ಲಿ ಪರೀಕ್ಷೆ ಇಟ್ಟೆವು. ತಂಡದ ಒಬ್ಬನನ್ನು ಬೈಹುಲ್ಲಿನ ರಾಶಿಯಲ್ಲಿ ಅಡಗಿಸಿದೆವು. ನಾಯಿ ತಲೆ ಎತ್ತಿತು, ಗದ್ದೆಯ ಆಚೆ ತುದಿಯಲ್ಲಿ ಮುಂಗುಸಿಯೊಂದನ್ನು ಕಂಡಿತು, ಬಾಣದ ಹಾಗೆ ಹೋಯಿತು. ಹುಲ್ಲಿನಲ್ಲಿದ್ದವನು ಮೈಯೆಲ್ಲ ತುರಿಸಿಕೊಂಡು ತಾನೇ ಎದ್ದು ಬಂದ. ಮತ್ತೆ ನಾಲ್ಕು ಸಲ ನೋಡಿದೆವು. ಕಣ್ಣಿಗೆ ಕಂಡದ್ದರ ಹಿಂದೆ ಓಡಲಿಕ್ಕೆಂದೇ ಹುಟ್ಟಿದ ಮರಿ ಅದು. ಅದರಲ್ಲಿ ಅದರ ತಪ್ಪೇನಿಲ್ಲ. ಈಗ ವೇಣೂರಿನ ಒಂದು ತೋಟದಲ್ಲಿ ಸುಖವಾಗಿ ಓಡಿಕೊಂಡಿದೆ.

ಇನ್ನೊಂದು ಮಳೆಗಾಲ ನಾಯಿ ಇಲ್ಲದೆ ಕಳೆಯಿತು. ಆ ವರ್ಷ ಯಾರೂ ಮಣ್ಣಿನಡಿ ಸಿಕ್ಕಿಕೊಳ್ಳಲಿಲ್ಲ. ಅದಕ್ಕೆ ನಾನು ಕಾರಣನಲ್ಲ. ಸಿಕ್ಕಿಕೊಂಡಿದ್ದರೆ ಕಾರಣ ನಾನೇ ಆಗುತ್ತಿದ್ದೆ. ಮಳೆ ಜೋರಾದ ಬೆಳಿಗ್ಗೆಗಳಲ್ಲಿ ಫೋನು ಸದ್ದು ಮಾಡಿದರೆ ಅಂಗಡಿಯ ಶಟರ್ ಹಿಡಿದು ನಿಲ್ಲುತ್ತಿದ್ದೆ.

ಕೊನೆಗೆ ಮಸೀದಿಯ ಉಸ್ತಾದರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ, ಪಟ್ಟಿಯ ಕೊನೆಯ ಸಾಲು ಸಹ. ಅವರು ತಾಳ್ಮೆಯಿಂದ ಕೇಳಿದರು. ಕೆಲಸಕ್ಕೆಂದು ನಾಯಿ ಸಾಕುವುದಕ್ಕೆ ಅಡ್ಡಿ ಇಲ್ಲ, ಜೀವ ಉಳಿಸುವ ಕೆಲಸವಂತೂ ಕೇಳುವುದೇ ಬೇಡ ಎಂದರು. ತಾಗಿದರೆ ಎಂದು ನಾನು ಮತ್ತೆ ಶುರು ಮಾಡಿದೆ. "ತೊಳೀಲಿಕ್ಕೆ ನೀರುಂಟು, ಮಣ್ಣುಂಟು," ಎಂದರು ಉಸ್ತಾದರು. "ನಿಮಗೆ ಸಮಸ್ಯೆ ಎಂಥದು?"

ಅಲ್ಲಿಂದ ನೇರ ವೇಣೂರಿಗೆ ಬಸ್ಸು ಹತ್ತಿದೆ. ಹವಾಲ್ದಾರರು ಸಸಿಗಳಿಗೆ ನೀರು ಬಿಡುತ್ತಿದ್ದರು. ಹಟ್ಟಿಯ ಬದಿಗೆ ಹಾಕಿಸಿದ ಮಣ್ಣಿನ ವಿಷಯ ಅವರಿಗೆ ಗೊತ್ತಿತ್ತು. ನಾನು ಲ್ಯಾಬ್ರಡಾರ್ ಬಿಟ್ಟದ್ದು ಜೊಲ್ಲಿಗೆ ಹೆದರಿ ಎಂಬುದು ಗೊತ್ತಿರಲಿಲ್ಲ. ಕೇಳಿ ಪೈಪು ಬಂದ್ ಮಾಡಿದರು. ಬೈಯುತ್ತಾರೆಂದು ಕಾದೆ. "ಒಂದು ವರ್ಷ ಹೋಯ್ತಲ್ಲ ಮಾರಾಯ್ರೇ," ಎಂದಷ್ಟೇ ಹೇಳಿದರು. ಬೈದಿದ್ದರೆ ಹಗುರವಾಗುತ್ತಿತ್ತು.

ಮರುದಿನ ಮೂಡಬಿದಿರೆಯಲ್ಲಿ ಲ್ಯಾಬ್ರಡಾರ್ ಸಾಕುವವರೊಬ್ಬರ ಮನೆಗೆ ಹೋದೆವು. ಅವರು ತೋರಿಸಿದ ಗುಂಡಗಿನ ಮರಿಗಳನ್ನು ಹವಾಲ್ದಾರರು ನೋಡಲೇ ಇಲ್ಲ. ಮೂಲೆಯ ಗೂಡಿನಲ್ಲಿ ಎಂಟು ತಿಂಗಳ ಒಂದು ಕಪ್ಪು ಹೆಣ್ಣುನಾಯಿ ಇತ್ತು. ಕೊಂಡವರು ಹಿಂದೆ ತಂದು ಬಿಟ್ಟದ್ದು. ಸೋಫಾದಡಿ ಹೋದ ಚೆಂಡಿಗಾಗಿ ಇಡೀ ಸೋಫಾ ಹರಿದಿತ್ತಂತೆ. ಹವಾಲ್ದಾರರು ಒಂದು ಚೆಂಡನ್ನು ಅದಕ್ಕೆ ಮೂಸಿಸಿ, ಎದೆಮಟ್ಟದ ಹುಲ್ಲಿಗೆ ಎಸೆದರು. ನಾವು ಚಾ ಕುಡಿದೆವು. ಮನೆಯವರು ತಮ್ಮ ಮಗಳ ಮದುವೆಯ ಸುದ್ದಿ ಹೇಳಿ ಮುಗಿಸಿದರು. ನಾಯಿ ಹುಲ್ಲಿನಲ್ಲೇ ಇತ್ತು. ಹೊರಬಂದಾಗ ಮೂಗಿನಲ್ಲಿ ರಕ್ತ, ಬಾಯಲ್ಲಿ ಚೆಂಡು, ಎರಡೂ ಬದಿಯಿಂದ ಧಾರಾಳ ಜೊಲ್ಲು. ಹವಾಲ್ದಾರರು ನನ್ನ ಮುಖ ನೋಡಿದರು. ಇದೇ ಆಗಲಿ ಎಂದು ನಾನೇ ಹೇಳಿದೆ, ಗೇಟಿನ ಹೊರಗೆ ನಿಂತು.

ಒಂದು ವರ್ಷ ಅದು ವೇಣೂರಿನಲ್ಲಿ ಕಲಿಯಿತು. ತಂಡದ ಒಬ್ಬೊಬ್ಬರೂ ಸರದಿಯ ಮೇಲೆ ಅಡಗಿದರು. ನಾಯಿಯ ಸುದ್ದಿ ಕೇಳಿದ ಬೆಳ್ತಂಗಡಿಯ ಆ ಗಂಡನೂ ಭಾನುವಾರ ತಪ್ಪದೆ ಬಂದು ಹೊಂಡ ತೋಡಿಕೊಡುತ್ತಿದ್ದರು. ನಾನು ಹತ್ತು ಅಡಿ ದೂರದಲ್ಲಿ ನಿಂತು, ಪುಸ್ತಕದಲ್ಲಿ ನಿಮಿಷ ಬರೆಯುತ್ತಿದ್ದೆ.

ಕೊನೆಯ ಪರೀಕ್ಷೆ ಮಿಜಾರಿನ ಹತ್ತಿರ, ಕಲ್ಲು ಕಡಿಯುವುದು ನಿಂತ ಒಂದು ಕೆಂಪುಕಲ್ಲಿನ ಕೋರೆಯಲ್ಲಿ. ನಾಯಿಗೆ ವಾಸನೆ ಪರಿಚಯ ಇಲ್ಲದವರು ಅಡಗಬೇಕು ಎಂದರು ಹವಾಲ್ದಾರರು. ಎಲ್ಲರೂ ನನ್ನತ್ತ ತಿರುಗಿದರು. ಒಂದು ವರ್ಷ ಅದರಿಂದ ತಪ್ಪಿಸಿಕೊಂಡು ನಿಂತದ್ದೇ ನನ್ನ ಅರ್ಹತೆಯಾಗಿತ್ತು.

ನನ್ನದೇ ಅಂಗಡಿಯ ಎರಡು ಸಿಮೆಂಟ್ ರಿಂಗನ್ನು ಅಡ್ಡ ಇಟ್ಟು, ಅದರೊಳಗೆ ನನ್ನನ್ನು ಮಲಗಿಸಿ, ರಿಂಗಿನ ಬಾಯಿಗೆ ಹಲಗೆ ಮುಚ್ಚಿ, ಗಾಳಿಗೆ ಪೈಪು ಬಿಟ್ಟು, ಮೇಲೆ ಮಣ್ಣು ಹಾಕಿದರು. ಮೊದಲ ಬುಟ್ಟಿಯ ಮಣ್ಣು ಹಲಗೆಗೆ ಬಿದ್ದ ಸದ್ದು ಕೇಳಿತು, ಹತ್ತನೆಯದ್ದು ಕೇಳಲಿಲ್ಲ. ಒಳಗೆ ನನ್ನ ಉಸಿರೊಂದೇ. ಹೊರಗಿನವರು ಮಾತಾಡುತ್ತಿದ್ದಾರೆಂದು ತಿಳಿಯುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಹಟ್ಟಿಯ ಬಾಗಿಲಲ್ಲಿದ್ದ ಆಕೆಗೂ ನಮ್ಮ ಮಾತು ಹೀಗೆ ಕೇಳಿತ್ತೇ? ಮಣ್ಣು ಈ ಕಡೆ ಹಾಕಿ ಎಂದ ನನ್ನ ಸ್ವರ? ಕೂಗಿದರೆ ತೆಗೆಯುತ್ತಾರೆಂದು ನನಗೆ ಗೊತ್ತಿತ್ತು. ಕೂಗದೆ ಬಿದ್ದುಕೊಂಡೆ.

ಹೊರಗೆ ನಡೆದದ್ದನ್ನು ಆಮೇಲೆ ಹೇಳಿದರು. ನಾಯಿಯ ಜೊತೆ ಬರುವಾಗ ಹವಾಲ್ದಾರರಿಗೂ ಜಾಗ ಗೊತ್ತಿರಲಿಲ್ಲ, ಹೊಂಡ ತೋಡಿದ ಆ ಗಂಡನಿಗೆ, ಮಣ್ಣು ಹಾಕಿದವರಿಗೆ ಮಾತ್ರ ಗೊತ್ತಿತ್ತು. ಯಾರೂ ಕಣ್ಣಿನಲ್ಲಿ ಸಹ ತೋರಿಸಕೂಡದು ಎಂದಿದ್ದಕ್ಕೆ ಆ ಗಂಡ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿ, ಕೋರೆಯ ಗೋಡೆಗೆ ಮುಖ ಮಾಡಿ ನಿಂತಿದ್ದರಂತೆ. ನಾಯಿ ಗಾಳಿ ಹಿಡಿದು ಎರಡು ಸುತ್ತು ಬಂತು. ಮೂರನೆಯ ಸುತ್ತಿನಲ್ಲಿ ನಿಂತು ಬೊಗಳಿತು.

ನಾನು ಕೇಳಿದ್ದು ಆ ಬೊಗಳುವಿಕೆ, ಆಮೇಲೆ ನೇರ ತಲೆಯ ಮೇಲೆ ಮಣ್ಣು ಕೆರೆಯುವ ಸದ್ದು. ಹಲಗೆ ಸರಿಯಿತು, ಬೆಳಕು ಬಂತು, ಬೆಳಕಿಗಿಂತ ಮೊದಲು ನಾಲಿಗೆ ಬಂತು. ಹಣೆ, ಮೂಗು, ಗಡ್ಡ, ಎರಡು ಕೈ, ಯಾವುದನ್ನೂ ಬಿಡಲಿಲ್ಲ. ನಾನು ತಳ್ಳಲಿಲ್ಲ.

ಮೇಲೆ ಬಂದು ಕಲ್ಲಿನ ಮೇಲೆ ಕೂತಾಗ ಗಂಡ ಕೇಳಿದರು: "ಎಷ್ಟು ಹೊತ್ತು ಆಯ್ತು?"

"ಒಂಬತ್ತು ನಿಮಿಷ," ಎಂದರು ಹವಾಲ್ದಾರರು.

ಆ ಗಂಡ ಆಚೆ ನಡೆದರು. ಹವಾಲ್ದಾರರು ಕ್ಯಾನಿನಲ್ಲಿ ನೀರು ತಂದರು; ನನಗಾಗಿ ಹತ್ತು ಲೀಟರಿನ ಎರಡು ಕ್ಯಾನು ಬೆಳಿಗ್ಗೆಯೇ ತಂದಿಟ್ಟಿದ್ದರು. ಮಣ್ಣಿಗೆಂದು ನಾನು ಬಗ್ಗುವಷ್ಟರಲ್ಲಿ ಗಂಡ ತಿರುಗಿ ಬಂದರು. ಬೊಗಸೆಯಲ್ಲಿ ಕೋರೆಯ ಸಣ್ಣ ಕೆಂಪು ಮಣ್ಣು, ಕಲ್ಲು ಕಸ ಹೆಕ್ಕಿ ತೆಗೆದದ್ದು.

"ಹಟ್ಟಿಯ ಕಡೆಗೆ ಮಣ್ಣು ಹಾಕ್ಲಿಕ್ಕೆ ಹೇಳಿದ್ದು ನಾನು," ಎಂದೆ. ಮೂರು ವರ್ಷ ಬಾಯಲ್ಲೇ ಇದ್ದ ಮಾತು. "ದನದ ಹಗ್ಗ ಬಿಚ್ಚಿದ್ದನ್ನೂ ನೋಡಿದ್ದೆ."

ಬೊಗಸೆ ಅಲುಗಲಿಲ್ಲ. "ಅಡುಗೆಮನೆ ತೋರಿಸಿದ್ದು ನಾನು," ಎಂದರು. ಮತ್ತೆ, "ಕೈ ಮುಂದೆ ಹಿಡೀರಿ."

ಹಿಡಿದೆ. ಮಣ್ಣು ಸುರಿದರು. ಹವಾಲ್ದಾರರು ನೀರು ಹೊಯ್ದರು, ನಾನು ಕೈ ಮುಖ ಉಜ್ಜಿದೆ, ನೀರು ಕೆಂಪಾಗಿ ಹರಿಯಿತು. ಎರಡು, ಮೂರು ಎಂದು ಲೆಕ್ಕ ಹಾಕುತ್ತಾ ಹೋದದ್ದು ಆ ಗಂಡ. ನಾನು ಐದೋ ಆರೋ ಎಂದು ಕೇಳಲಿಲ್ಲ. ಅವರು ಏಳು ಎಂದಾಗ ನಿಲ್ಲಿಸಿದೆ.