ಈದ್ ದಿನದ ಎಂಟು ತಾಸು

ಸುಸನ್‌ಗೆ ಅನುಮಾನ ಹುಟ್ಟುಗುಣ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹೇಳಿ ಸುಮ್ಮನಾಗುವವಳಲ್ಲ, ಅಂಗಡಿಯಿಂದ ಆಗಷ್ಟೇ ತಂದ ಹಾಲನ್ನೂ ಮೂಸಿ ನೋಡುವವಳು. ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆರಡು ವರ್ಷ ನರ್ಸ್ ಆಗಿ ಒಂದೂ ತಪ್ಪು ಇಂಜೆಕ್ಷನ್ ಕೊಡದೆ ಉಳಿದದ್ದು ಈ ಗುಣದಿಂದಲೇ. ಡಾಕ್ಟರು ಬರೆದುಕೊಟ್ಟದ್ದನ್ನೂ ಎರಡು ಸಲ ಕೇಳುತ್ತಾಳೆ. ಅವರು ಸಿಡುಕಿದರೆ ಸಿಡುಕಲಿ, ರೋಗಿ ಬದುಕಿದರೆ ಸಾಕು.

ಮಗಳು ತಾನ್ಯಾಗೆ ಹೋದ ವರ್ಷ ಮೆಡಿಕಲ್ ಸೀಟು ಸಿಗಲಿಲ್ಲ. ಒಂದು ವರ್ಷ ಓದು ಬಿಟ್ಟು ಕ್ಲಿನಿಕ್ಕಿನಲ್ಲಿ ಸಂಬಳವಿಲ್ಲದೆ ದುಡಿದು, ಆ ಅನುಭವ ತೋರಿಸಿ ಮತ್ತೆ ಅರ್ಜಿ ಹಾಕುತ್ತೇನೆ ಎಂದಳು. ರಂಜಾನಿಗೆ ಹತ್ತು ದಿನ ಇರುವಾಗ, ಕಾರ್ಖಾನೆಗಳಿರುವ ಮುಸಫ್ಫಾದಲ್ಲಿ ಕಾರ್ಮಿಕರೇ ಹೆಚ್ಚು ಬರುವ ಸಣ್ಣ ಕ್ಲಿನಿಕ್ಕಿಗೆ ಸೇರಿದಳು. ಈದ್ ಕಳೆದ ವಾರದಲ್ಲೇ, ದುಬೈಯ ಕಾಲೇಜಿಗೆ ಅರ್ಜಿ ಕಳಿಸುವ ಕೊನೆಯ ದಿನ ಬೆಳಿಗ್ಗೆ ಸುಸನ್ ಲ್ಯಾಪ್‌ಟಾಪಿನಲ್ಲಿ ಮಗಳು ದುಡಿದ ತಾಸುಗಳ ಹಾಳೆ ತೆರೆದಳು.

ದಿನಕ್ಕೆ ಎಂಟು ತಾಸು, ರಂಜಾನಿನಲ್ಲೂ ಎಂಟು! ಈ ಊರಲ್ಲಿ ರಂಜಾನ್ ಬಂದರೆ ಡ್ಯೂಟಿ ಎರಡು ತಾಸು ಕಡಿಮೆ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಅದೂ ಹೋಗಲಿ, ಈದ್ ದಿನಕ್ಕೂ ಎಂಟು. ಆ ದಿನ ಕ್ಲಿನಿಕ್ಕಿಗೆ ಬೀಗ. ತಾನ್ಯಾ ಪಕ್ಕದ ಮನೆಯ ಹಫ್ಸ ಕೊಟ್ಟ ಬಿರಿಯಾನಿ ತಿಂದು ಸೋಫಾದಲ್ಲಿ ಮಲಗಿದ್ದಳು. ಸುಸನ್ ಹಾಳೆಯನ್ನು ಮತ್ತೊಮ್ಮೆ ಮೇಲಿನಿಂದ ಓದಿದಳು. ಸುಳ್ಳು ಸಿಕ್ಕಿಬಿದ್ದರೆ ಸೀಟು ಖಲಾಸ್. ಅದಕ್ಕಿಂತ ದೊಡ್ಡದು, ಈ ಹುಡುಗಿ ಇಷ್ಟು ದಿನ ಹೋದದ್ದೆಲ್ಲಿಗೆ?

“ಕ್ಲಿನಿಕ್ಕಿಗೆ ನೀನು ದಿನಾ ಹೋದದ್ದು ಹೌದಾ?”

“ಆಫ್‌ಕೋರ್ಸ್ ಮಮ್ಮಿ. ಯಾಕೆ?”

“ಎಂತ ಇಲ್ಲ.”

ಗಂಡ ರುಡೊಲ್ಫ್ ಅರ್ಧ ಚಾ ಬಿಟ್ಟು ಎದ್ದ. “ಈಗ ಅದನ್ನು ಕೆದಕುದು ಯಾಕೆ ಮಾರಾಯ್ತಿ?” ಎಂದು ಕಾರಿನ ಕೀಲಿ ಹುಡುಕಿದ. ಅಪ್ಪ ಮಗಳು ಸೇರಿ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಸುಸನ್ ತೀರ್ಮಾನಿಸಿಯೇಬಿಟ್ಟಳು. ಮನೆಯಲ್ಲಿ ಯಾರಿಗೂ ಹೇಳದೆ ಟ್ಯಾಕ್ಸಿ ಹಿಡಿದು ಕ್ಲಿನಿಕ್ಕಿಗೆ ಹೋದಳು.

ಕೌಂಟರಿನಲ್ಲಿ ಪುತ್ತೂರಿನ ಕಡೆಯ ರಸೀನಾ ಇದ್ದಳು. “ತಾನ್ಯಾ ಬಾರದೆ ಮತ್ತೆ? ರಂಜಾನಲ್ಲಿ ಬಾಗಿಲು ಹಾಕಿದ ಮೇಲೂ ಒಬ್ಬರ ಗಾಯಕ್ಕೆ ಪಟ್ಟಿ ಕಟ್ಟಿಯೇ ಹೋದದ್ದುಂಟು,” ಎಂದು ರಿಜಿಸ್ಟರ್ ತೆಗೆದು ತೋರಿಸಿದಳು. ಒಟ್ಟು ಇನ್ನೂರ ನಲವತ್ತು ತಾಸು. ಈದ್ ದಿನ ಖಾಲಿ. “ಅಂಕಲ್ ಫೇರ್ ಕಾಪಿ ಮಾಡ್ತೇನೆ ಅಂತ ಖಾಲಿ ಹಾಳೆಗೆ ಸೀಲ್ ಹಾಕಿಸಿಕೊಂಡು ಹೋದ್ರಲ್ಲ ಆಂಟಿ. ನಿಮ್ಗೆ ಗೊತ್ತಿಲ್ವಾ?”

ಗೊತ್ತಾಯಿತು. ರುಡೊಲ್ಫ್ ವರ್ಕ್‌ಶಾಪಿನಲ್ಲಿ ಕೆಲಸಗಾರರ ತಾಸು ಬರೆದಿಡುವ ಟೈಮ್‌ಕೀಪರ್. ಅಲ್ಲಿ ರಂಜಾನಿನಲ್ಲೂ ಎಂಟು ತಾಸು ಕೆಲಸ, ಕಡೆಯ ಎರಡು ಓವರ್‌ಟೈಮ್, ಈದ್ ಎಂದರೆ ಸಂಬಳದ ರಜೆ. ಎರಡಕ್ಕೂ ಕಣ್ಣುಮುಚ್ಚಿ ಎಂಟು ಬರೆದು ರೂಢಿಯಾದ ಕೈ ಅದು. ಸುಸನ್ ರಿಜಿಸ್ಟರಿನ ಪ್ರತಿಗೆ ಸೀಲ್ ಹಾಕಿಸಿಕೊಂಡು ಮನೆಗೆ ಬಂದಳು.

ಸಂಜೆ ಅದನ್ನು ಗಂಡನ ಮುಂದಿಟ್ಟಳು. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಅವನು ಹೆಗಲು ಮುಟ್ಟಿಕೊಂಡ. “ಬೇರೆ ಮಕ್ಕಳು ನಾನೂರು ತಾಸು ತೋರಿಸ್ತಾರಂತೆ. ನಮ್ಮದು ಹಿಂದೆ ಬೀಳ್ಬಾರ್ದಲ್ವಾ?”

ತಾನ್ಯಾ ಲ್ಯಾಪ್‌ಟಾಪ್ ಹತ್ತಿರ ಎಳೆದುಕೊಂಡಳು. ಸುಳ್ಳು ಹಾಳೆ ಅಳಿಸಿ, ಇನ್ನೂರ ನಲವತ್ತರ ಪ್ರತಿ ಸೇರಿಸಿ ಅರ್ಜಿ ಕಳಿಸಿದಳು. ಸುಸನ್‌ಗೆ ಜೀವ ಬಂದಂತಾಯಿತು. ಮಗಳ ತಲೆ ಸವರಲು ಕೈ ಚಾಚಿದಳು. ತಾನ್ಯಾ ಸರಿದು ಕುಳಿತಳು.

“ಡ್ಯಾಡಿ ನಂಗೆ ಸೀಟು ಸಿಗ್ಲಿ ಅಂತ ಸುಳ್ಳು ಬರೆದ್ರು. ನೀನು ಅದನ್ನು ನಾನೇ ಬರೆದೆ ಅಂದ್ಕೊಂಡಿ. ಒಂದು ಮಾತು ನನ್ನತ್ರ ಕೇಳ್ಬಹುದಿತ್ತು.”

“ಕೇಳಿದೆನಲ್ಲ ಮಗಾ.”

“ಹೌದು, ಕೇಳಿದಿ. ನಾನು ಹೋಗಿದ್ದೆ ಅಂತ ಹೇಳ್ದೆ. ಆಮೇಲೂ ರಸೀನಾ ಆಂಟಿ ಹತ್ರ ಹೋಗಿ ಕೇಳಿದಿ.”