ಲಿಂಗ ಮುಟ್ಟದ ಕ್ಯಾಚು

ಚೆನ್ನರಾಯಪಟ್ಟಣದೋರು ನಮ್ಮ ಹೊಳೆನರಸೀಪುರಕ್ಕೆ ಕ್ರಿಕೆಟ್ ಆಡೋಕೆ ಬಂದಿದ್ದರು. ಆಗ ಯುದ್ಧದ ಕಾಲ. ನಾನು ಬೀಸಿ ಹೊಡೆದ ಚೆಂಡು ಹೊಳೆ ದಿಕ್ಕಿಗೆ ಎದ್ದಿತು. ಕಚ್ಚೆಪಂಚೆಯ ಒಬ್ಬ ಉದ್ದನೆ ಆಸಾಮಿ ಅದರ ಹಿಂದೆ ಓಡಿ, ಹುಲ್ಲಿನ ಮೆದೆ ಮಗ್ಗುಲಲ್ಲಿ ಮುಗ್ಗರಿಸಿ ಬಿದ್ದ. ಎದ್ದಾಗ ಚೆಂಡು ಕೈಲಿತ್ತು. ಅವರ ಕಡೆಯೋರೆಲ್ಲಾ ಕುಣಿದಾಡಿದರು. ನನಗೆ ಮಾತ್ರ ಯಾಕೋ ಸರಿ ಕಾಣಲಿಲ್ಲ. ಬಿದ್ದೋನು ಏಳೋಕೆ ಅಷ್ಟು ಹೊತ್ತು ಯಾಕೆ? ಮೆದೆ ಮರೇಲಿ ಅವನೇನು ಮಾಡ್ತಿದ್ದ?

ಅಂಪೈರಾಗಿದ್ದ ನಮ್ಮೂರ ಜವಳಿ ಸಾವ್ಕಾರರಿಗೂ ಮೆದೆ ಅಡ್ಡವಾಗಿತ್ತು. ಇಂಥದ್ದಕ್ಕೆ ನಮ್ಮಲ್ಲೊಂದು ಪದ್ಧತಿ. ಎರಡೂ ಕಡೆ ಲಿಂಗ ಕಟ್ಟಿದೋರೇ ತಾನೆ? ಹಿಡಿದೋನು ಕೊರಳ ಲಿಂಗ ಮುಟ್ಟಿ "ನೆಲಕ್ಕೆ ತಗುಲಿಲ್ಲ" ಅಂದರೆ ಔಟು. ಅನ್ನದಿದ್ದರೆ ಆಟ ಮುಂದಕ್ಕೆ.

"ಮುಟ್ಟಪ್ಪಾ" ಅಂದರು ಸಾವ್ಕಾರರು.

"ನಾನು ಮುಟ್ಟಲ್ಲ ಸಾ" ಅಂದ. ಚೆಂಡು ಅವರ ಕೈಗಿತ್ತು ತನ್ನ ಜಾಗಕ್ಕೆ ಹೊರಟೇಬಿಟ್ಟ.

ನಾನು ಇನ್ನೂ ಚೆನ್ನಾಗಿ ಬಾರಿಸಿದೆ, ನಾವೇ ಗೆದ್ದೆವು. ಕಳ್ಳ ಸಿಕ್ಕಿಬಿದ್ದ ಅಂತ ಪೇಟೆಯಲ್ಲೆಲ್ಲಾ ಸಾರಿಕೊಂಡು ತಿರುಗಿದೆ.

ಸುಗ್ಗಿ ಮುಗಿಯೋ ಹೊತ್ತಿಗೆ ನನ್ನ ಒಬ್ಬಳೇ ತಂಗಿಗೆ ಸಂಬಂಧ ಬಂತು. ಚೆನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರದ ಮನೆ. ಗಂಡು ಯಾರು ಅಂತ ಕೇಳಿದರೆ, ಅಯ್ಯೋ ಶಿವನೇ, ಅದೇ ಆಸಾಮಿ! ನನಗೆ ಮೈಯೆಲ್ಲಾ ಉರಿದುಹೋಯಿತು. ಚೆಂಡಿನ ವಿಷಯಕ್ಕೇ ಮೋಸಕ್ಕಿಳಿದೋನು ನಾಳೆ ಇವಳಿಗೆ ಏನೇನು ಮಾಡಿಯಾನು? ಅವರ ಕಡೆಯ ಬಾಗೂರು ಸಂತೆಗೆ ಹೋಗಿ ಅವನನ್ನು ಕಂಡೋರನ್ನೆಲ್ಲಾ ವಿಚಾರಿಸಿದೆ. ಒಬ್ಬರೂ ಕೆಟ್ಟದ್ದು ಆಡಲಿಲ್ಲ. ಅಲ್ಲಿಗೆ ನನ್ನ ಅನುಮಾನ ದುಪ್ಪಟ್ಟಾಯಿತು. ಅಷ್ಟು ಜನ ಒಂದೇ ಸಮ ಹೊಗಳಬೇಕಾದರೆ ಏನೋ ಹುಳುಕಿರಲೇಬೇಕು ಅಂತ ಅಪ್ಪನ ಮುಂದೆ ವಾದ ಮಾಡಿದೆ.

"ಲೇ, ಬಂದ್ಮೇಲೆ ನೀನೇ ಕೇಳ್ಕಳ್ಲಾ" ಅಂದರು ಅಪ್ಪ.

ಹೆಣ್ಣು ನೋಡೋ ಶಾಸ್ತ್ರಕ್ಕೆ ಅವರು ಬಂದರು. ಚಕ್ಕುಲಿ ತಟ್ಟೆಗಳು ಬಂದವು. ಎಲ್ಲರ ಮುಂದೆ ಅವನ ಮರ್ಯಾದೆ ತೆಗೀಬೇಕು ಅಂತಲೇ ನಾನು ಬಾಯಿ ತೆಗೆಯೋದರಲ್ಲಿದ್ದೆ. ಅಷ್ಟರಲ್ಲಿ ಕಾಫಿ ಕೊಟ್ಟು ಬಾಗಿಲ ಹತ್ತಿರ ನಿಂತಿದ್ದ ತಂಗಿಯೇ ಕೇಳಿಬಿಟ್ಟಳು.

"ಅವತ್ತು ಚೆಂಡು ಹಿಡಿದ್ರಾ, ಬಿಟ್ರಾ?"

ಅವ್ವ ಬಾಯಿ ಮೇಲೆ ಸೆರಗು ಇಟ್ಟುಕೊಂಡಳು. ಹೆಣ್ಣು ಹಂಗೆಲ್ಲಾ ಮಾತಾಡೋ ಕಾಲವೇ ಅದು? ಅವನು ಅವಳ ಕಡೆ ನೋಡದೆ ಅಪ್ಪನಿಗೆ ಹೇಳಿದ.

"ಹಿಡಿದೆ ಯಜಮಾನ್ರೇ. ಬೀಳುವಾಗ ಕೈ ನೆಲಕ್ಕೆ ಬಡೀತು. ಚೆಂಡೂ ತಗುಲ್ತೋ ಏನೋ, ನಂಗೊತ್ತಿಲ್ಲ. ಅಲ್ಲೇ ಕೂತು ಯೋಚನೆ ಮಾಡ್ದೆ, ಗೊತ್ತಾಗ್ಲಿಲ್ಲ. ಗೊತ್ತಿಲ್ದೇ ಇರೋದಕ್ಕೆ ಲಿಂಗ ಎಂಗೆ ಮುಟ್ಲಿ?"

ನಾಟಕ ಅಂದುಕೊಂಡೆ. ಉತ್ತರ ಬಾಯಿಪಾಠ ಮಾಡಿಕೊಂಡೇ ಬಂದಿದ್ದಾನೆ ಅನ್ನಿಸಿತು. ಅವರ ಗಾಡಿ ಅತ್ತ ಹೋಗಿದ್ದೇ ತಡ, ತಂಗಿ ಮುಂದೆ ಹಾರಾಡಿದೆ.

"ಮೋಸ ಹೋಗ್ಬೇಡ ಕಣವ್ವಾ! ಹಿಡಿದಿದ್ರೆ ಧೈರ್ಯವಾಗಿ ಮುಟ್ತಿರಲಿಲ್ವಾ?"

ತಂಗಿ ಲೋಟಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದಳು.

"ಅಪ್ಪಯ್ಯ, ನಂಗೆ ಒಪ್ಪಿಗೆ" ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಅಣ್ಣಾ, ಅವರ ಜಾಗದಲ್ಲಿ ನೀನಾಗಿದ್ರೆ ಗೊತ್ತಿಲ್ದಿದ್ರೂ ತಕ್ಷಣ ಮುಟ್ಬುಡ್ತಿದ್ದೆ."

ಬೈಯಲಿಲ್ಲ, ನಗಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಅಂದಳು. "ಛೆ, ನಿಮ್ಮಣ್ಣ ಅಂಥೋನಲ್ಲ ಕಣೇ" ಅಂತ ಅಪ್ಪನಾದರೂ ಅಂದಾರು ಅಂತ ಕಾದೆ. ಅಪ್ಪ ಎಲೆಗೆ ಸುಣ್ಣ ಸವರುತ್ತಾ ಕೂತರು. ಅವ್ವನ ಮುಖ ನೋಡಿದೆ. ಅವ್ವ ಚಕ್ಕುಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.