ಟಿಕ್ ಇಲ್ಲದ ಏಳನೆಯ ಅಧ್ಯಾಯ

ನಮ್ಮ ಅಂಕಲ್ ಈ ಕತೆಯನ್ನು ಹೇಳುವ ರೀತಿ ಒಂದಿದೆ. ನಾಲ್ಕು ಸಲ ಕೇಳಿದ್ದೇನೆ, ನಾಲ್ಕು ಸಲವೂ ಜನ ಚಪ್ಪಾಳೆ ತಟ್ಟಿದ್ದಾರೆ. ಒಂದು ಒಳ್ಳೆಯ ಕಾದಂಬರಿ ಕಳೆದುಹೋಗಿತ್ತು. ಅದು ಹುಟ್ಟಿದ ಆಸ್ಟ್ರೇಲಿಯಾದವರೇ ಅದನ್ನು ಮರೆತಿದ್ದರು. ಸಿಂಗಪುರದ ಪುಟ್ಟ ಪ್ರಕಾಶನವೊಂದು ಅದನ್ನು ಹುಡುಕಿ ತೆಗೆದು, ಮತ್ತೆ ಅಚ್ಚುಹಾಕಿ, ಎಂಬತ್ತೇಳು ವರ್ಷದ ಲೇಖಕಿಯ ಕೈಗಿಟ್ಟಿತು. ಅವರಿಗೆ ತುಂಬ ಸಂತೋಷವಾಯಿತು.

ಪುಸ್ತಕ ಕಳೆದುಹೋಗಿರಲಿಲ್ಲ. ಅಂಕಲ್ ಮನೆಯ ಕಪಾಟಿನಲ್ಲಿ ನಲವತ್ತು ವರ್ಷದಿಂದ ಇತ್ತು. ಬರೆದವರ ಮನೆಯಲ್ಲೂ ಒಂದು ಪ್ರತಿ ಇತ್ತು, ಫ್ರಿಜ್ಜಿನ ಕುಂಟು ಕಾಲಿನ ಕೆಳಗೆ. ಮರೆತಿದ್ದರು ಎನ್ನುವುದೂ ಸುಳ್ಳು. ಲೇಖಕಿಯ ಊರಿನಲ್ಲಿ ಅದನ್ನು ಓದಿದವರು ಯಾರೂ ಮರೆತಿರಲಿಲ್ಲ, ತೊಂದರೆ ಇದ್ದದ್ದೇ ಅದರಲ್ಲಿ. ಇನ್ನು ಸಂತೋಷ. ಅವರಿಗೆ ಸಂತೋಷವಾಯಿತೆಂದು ನಿಮಗೆ ಹೇಗೆ ಗೊತ್ತು ಎಂದು ಅಂಕಲ್ ಅವರನ್ನು ಒಮ್ಮೆ ಕೇಳಿದೆ. "ಹತ್ತು ಕಾಪಿ ಕಳಿಸಿದ್ವಲ್ಲ, ಸೈನ್ ಮಾಡಿ ತಗೊಂಡ್ರಲ್ಲ" ಅಂದರು. ಕೊರಿಯರಿನವನ ಫೋನಿನ ಮೇಲೆ ಬೆರಳಿನಲ್ಲಿ ಗೀಚಿದ ಸಹಿ. ಅದಕ್ಕಿಂತ ಹೆಚ್ಚಿನ ಪುರಾವೆ ನಮ್ಮಿಬ್ಬರ ಹತ್ತಿರವೂ ಇಲ್ಲ.

ಅಂಕಲ್ ಎಂದರೆ ನನ್ನ ನೆಂಟರಲ್ಲ. ಮೈಸೂರಿನವರು, ಇಲ್ಲಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ಚಿಕ್ಕ ವಯಸ್ಸಿನಲ್ಲಿ ಓದಲು ಪರ್ತ್‌ಗೆ ಹೋಗಿದ್ದಾಗ ಅಲ್ಲಿನ ಸಣ್ಣ ಊರುಗಳ ಲೈಬ್ರರಿಗಳು ಬೇಡವೆಂದು ಹೊರಗಿಡುತ್ತಿದ್ದ ಕಾದಂಬರಿಗಳನ್ನು ಚೀಲಗಟ್ಟಲೆ ತಂದರು. ನಿವೃತ್ತಿಯಾದ ಮೇಲೆ ಹೌಗಾಂಗ್‌ನ ಫ್ಲ್ಯಾಟಿನ ಹಿಂದಿನ ಕೋಣೆಯಲ್ಲಿ ಕುಳಿತು ಅವುಗಳನ್ನೇ ಒಂದೊಂದಾಗಿ ಮರುಮುದ್ರಿಸಲು ಶುರುಮಾಡಿದರು. ಸಿಂಗಪುರದಲ್ಲಿ ಕೂತು ಆಸ್ಟ್ರೇಲಿಯಾದ ಪುಸ್ತಕವೇಕೆ ಎಂದು ಕೇಳಿದವರಿಗೆ ಅವರ ಉತ್ತರ ಸಿದ್ಧವಾಗಿದೆ: "ವಿಮಾನದಲ್ಲಿ ಬೆಂಗಳೂರು ಅತ್ತ ನಾಲ್ಕೂವರೆ ಗಂಟೆ, ಪರ್ತ್ ಇತ್ತ ಐದು ಗಂಟೆ. ನನಗೆ ಎರಡೂ ಪಕ್ಕದ ಬೀದಿ."

ಇದು ಉತ್ತರವಲ್ಲ, ಉತ್ತರದ ವೇಷ ಎಂದು ಇಲ್ಲಿಯ ಕನ್ನಡಿಗರ ಯುಗಾದಿ ಊಟದ ಸಾಲಿನಲ್ಲಿ ನಿಂತೇ ನಾನು ಅವರಿಗೆ ಹೇಳಿದ್ದೆ. ಯಾರೂ ಕೇಳದ ಪುಸ್ತಕವನ್ನು ಮತ್ತೆ ಅಚ್ಚುಹಾಕುವುದು ಓದುಗರಿಗಾಗಿಯಲ್ಲ, ಪ್ರಕಾಶಕರ ಆತ್ಮತೃಪ್ತಿಗಾಗಿ ಎಂದೂ ಸೇರಿಸಿದ್ದೆ. ಅವರು ಒಬ್ಬಟ್ಟು ಹಾಕಿಸಿಕೊಂಡು, "ಹಾಗಿದ್ರೆ ಶನಿವಾರ ಬಂದು ನೋಡಮ್ಮ" ಅಂದರು. ಬಂದವಳು ಉಳಿದೆ. ನನಗೆ ಆಗ ಇಪ್ಪತ್ತನಾಲ್ಕು. ಇಲ್ಲೇ ಬೆಡೋಕ್‌ನಲ್ಲಿ ಬೆಳೆದವಳು. ಶಾಲೆಯಲ್ಲೂ ಜೂನಿಯರ್ ಕಾಲೇಜಿನಲ್ಲೂ ಡಿಬೇಟ್ ತಂಡದಲ್ಲಿ ಮೂರನೆಯ ಮಾತುಗಾರ್ತಿ, ಅಂದರೆ ಎದುರಾಳಿಗಳ ವಾದವನ್ನು ಕೊನೆಗೆ ಕಿತ್ತುಹಾಕುವವಳು. ಈ ಮನೆಯಲ್ಲಿ ಹುಳಿಗೆ ಉಪ್ಪು ಜಾಸ್ತಿಯಾಯಿತು ಎನ್ನಲೂ ಮೂರು ಪಾಯಿಂಟು ಬೇಕು ಎಂದು ಅಮ್ಮ ಬಂದವರ ಮುಂದೆಲ್ಲ ಹೇಳುತ್ತಾಳೆ.

ಅಂಕಲ್ ಅವರ ಕೆಲಸದ ಕ್ರಮ ಹಳೆಯದು. ಹಳೆಯ ಪುಸ್ತಕವನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರು ಓದಿಕೊಟ್ಟ ಅಕ್ಷರಗಳನ್ನು ಹೊಸ ಪುಟಗಳಾಗಿ ಜೋಡಿಸುತ್ತಾರೆ. ಬೆನ್ನು ಕತ್ತರಿಸಿ ಹಾಳೆ ಬಿಡಿಸಿಕೊಂಡರೆ ಸ್ಕ್ಯಾನು ಸಲೀಸು, ಆದರೆ ಅಂಕಲ್ ಪುಸ್ತಕಕ್ಕೆ ಕತ್ತರಿ ಹಾಕುವುದಿಲ್ಲ. ಹಾಗಾಗಿ ಹೊಲಿಗೆಯ ಪಕ್ಕದ ನೆರಳು ಅಲ್ಲಲ್ಲಿ ಪದಗಳನ್ನು, ಕೆಲವೊಮ್ಮೆ ಸಾಲುಗಳನ್ನೇ ನುಂಗುತ್ತದೆ. ಅದನ್ನು ಹಿಡಿಯಲು ಇಬ್ಬರು ಕೂರಬೇಕು. ಒಬ್ಬರು ಹಳೆಯ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾರೆ, ಕಾಮಾ, ಫುಲ್‌ಸ್ಟಾಪು, ಉದ್ಧರಣ ಚಿಹ್ನೆ ಎಲ್ಲವನ್ನೂ ಹೆಸರು ಹೇಳಿ; ಇನ್ನೊಬ್ಬರು ಹೊಸ ಪುಟದ ಮೇಲೆ ಸ್ಕೇಲು ಇಟ್ಟುಕೊಂಡು ಹಿಂಬಾಲಿಸುತ್ತಾರೆ. ಮನೆಯಲ್ಲಿ ಆಂಟಿಯ ವೀಣೆ ಪಾಠ ನಡೆಯುವ ಹೊತ್ತಿಗೆ ನಾವು ಕೆಳಗಿಳಿದು, ಕಟ್ಟಡದ ಅಡಿಯ ಗೋಡೆಯಿಲ್ಲದ ಜಾಗವಾದ ವಾಯ್ಡ್ ಡೆಕ್‌ನ ಕಲ್ಲುಮೇಜಿಗೆ ಹೋಗುತ್ತಿದ್ದೆವು. ಅಂಕಲ್ ಅವರ ಏರಿಳಿತವಿಲ್ಲದ ಓದನ್ನು ಒಂದು ವಾರ ಕೇಳಿಸಿಕೊಂಡ ಮೂರನೆಯ ಮಹಡಿಯ ಚೀನೀ ಅಜ್ಜ ಕೊನೆಗೆ ತಡೆಯಲಾರದೆ, "ಅಂಕಲ್, ಎವ್ರಿಡೇ ಪ್ರೇಯಿಂಗ್ ಆ?" ಎಂದು ಕೇಳಿದರು. ಅಂಕಲ್ ಹೌದೆಂದರು.

ಈ ಕಾದಂಬರಿಯ ವಿಷಯದಲ್ಲಿ ಮಾತ್ರ ಸ್ಕ್ಯಾನಿಗೂ ಮೊದಲೇ ತಡೆಯಾಯಿತು. ಹಕ್ಕು ಲೇಖಕಿಯದೇ ಆಗಿತ್ತು. ಪರ್ತ್‌ನಿಂದ ಕಾರಿನಲ್ಲಿ ಮೂರು ಗಂಟೆ ದೂರದ, ಗೋಧಿ ಬೆಳೆಯುವ ಊರಿನಲ್ಲಿ ಒಬ್ಬರೇ ಇದ್ದರು. ಅಂಕಲ್ ಎರಡು ಪತ್ರ ಬರೆದರು. ಎರಡನೆಯದಕ್ಕೆ ಪೋಸ್ಟ್‌ಕಾರ್ಡು ಬಂತು: ಬೇಡ, ಕೇಳಿದ್ದಕ್ಕೆ ವಂದನೆ, ಮೂಲೆಯಲ್ಲಿ ಫೋನ್ ನಂಬರು. ಅಂಕಲ್ ಅದನ್ನು ಕಪಾಟಿನಲ್ಲಿ ಆ ಪುಸ್ತಕದೊಳಗೇ ಇಟ್ಟು ಮುಂದಿನ ಪುಸ್ತಕ ಕೈಗೆತ್ತಿಕೊಂಡರು. ಬಿಡದವಳು ನಾನು. ಬೇಡ ಎಂದವರು ಫೋನ್ ನಂಬರು ಏಕೆ ಕೊಟ್ಟರು ಎಂದು ವಾದಿಸಿದೆ. ಅಂಕಲ್ ಕೈಚೆಲ್ಲಿ, "ಮಾಡಮ್ಮ, ನೀನೇ ಮಾತಾಡು" ಅಂದರು.

ಒಂದು ಹಾಳೆಯಲ್ಲಿ ಮೂರು ಅಂಶ ಬರೆದುಕೊಂಡು ಫೋನ್ ಮಾಡಿದೆ. ಮಾತೆಲ್ಲ ಇಂಗ್ಲಿಷಿನಲ್ಲಿ, ಇಲ್ಲಿರುವುದು ಅದರ ಕನ್ನಡ. ಒಮ್ಮೆ ಪ್ರಕಟವಾದ ಪುಸ್ತಕ ಓದುಗರದು ಎಂದೆ. "ಹಾಗಂತ ಯಾರು ಹೇಳಿದ್ದು, ಓದುಗರಾ?" ಎಂದು ಕೇಳಿದರು. ಇಂದಿನ ಹುಡುಗಿಯರಿಗೆ ಇಂಥ ಪುಸ್ತಕ ಬೇಕು ಎಂದೆ. ಅವರಿಗೆ ಓದಲು ಬೇರೆ ಏನೂ ಸಿಗುತ್ತಿಲ್ಲವೇ ಎಂದು ನಿಜವಾದ ಕಾಳಜಿಯಿಂದಲೇ ವಿಚಾರಿಸಿದರು. ತಮ್ಮ ಹತ್ತಿರ ಉಳಿದಿರುವ ಒಂದು ಪ್ರತಿ ಫ್ರಿಜ್ಜಿನ ಕೆಳಗಿದೆ, ಅಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿದೆ ಅಂದರು. ನನಗೆ ನಗು ಬಂತು. ಎರಡು ಅಂಶ ಹೋದವು.

ಆಮೇಲೆ ಅವರೇ ಕಾರಣ ಹೇಳಿದರು, ನಾನು ಕೇಳದೆ. ಕಾದಂಬರಿಯ ಏಳನೆಯ ಅಧ್ಯಾಯದಲ್ಲಿ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವ ಅಕ್ಕ ಒಬ್ಬಳಿದ್ದಾಳೆ. ಎಲ್ಲರ ಫೋನೂ ಅವಳ ಕೈಯಿಂದಲೇ ಹಾದುಹೋಗಬೇಕು. ತಂಗಿಯನ್ನು ಮದುವೆಯಾಗಬೇಕಾದವನು ಬೇರೊಬ್ಬಳೊಂದಿಗೆ ಮಾತಾಡುವುದನ್ನು ಅವಳು ಕದ್ದು ಕೇಳುತ್ತಾಳೆ, ಕೇಳಿಯೂ ತಂಗಿಗೆ ಹೇಳುವುದಿಲ್ಲ. ಲೇಖಕಿಯ ಅಕ್ಕ ಅದೇ ಊರಿನ ಅದೇ ಎಕ್ಸ್‌ಚೇಂಜಿನಲ್ಲಿ ಇದ್ದವರು. ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಕ್ಕ ಒಂಬತ್ತು ವರ್ಷ ಮಾತು ಬಿಟ್ಟರು. ಅಂಗಡಿಯಲ್ಲಿ ಪ್ರತಿಗಳು ಮುಗಿದವು, ಲೈಬ್ರರಿಯೂ ತನ್ನ ಪ್ರತಿಯನ್ನು ಹೊರಗಿಟ್ಟಿತು. ಆ ಮೇಲೊಂದು ದಿನ ಅಕ್ಕ ತಮ್ಮ ಹಿತ್ತಲಿನ ನಿಂಬೆಹಣ್ಣನ್ನು ಬಕೆಟ್ಟು ತುಂಬ ಹೊತ್ತುಕೊಂಡು ಬಾಗಿಲಿಗೆ ಬಂದರು. ಪುಸ್ತಕದ ಮಾತನ್ನು ಇಬ್ಬರೂ ಮತ್ತೆಂದೂ ಎತ್ತಲಿಲ್ಲ. "ಅದು ನಮ್ಮಿಬ್ಬರ ಒಪ್ಪಂದ. ಬರೆದಿಟ್ಟದ್ದೇನಲ್ಲ" ಅಂದರು.

ಅಂಕಲ್ ತಂದ ಪ್ರತಿಯ ಮೊದಲ ಪುಟದಲ್ಲಿ ಆ ಲೈಬ್ರರಿಯದೇ ಮುದ್ರೆ ಇತ್ತು. ನಾನು ಅದನ್ನು ಹೇಳಲಿಲ್ಲ. ಅಕ್ಕ ಈಗ ಎಲ್ಲಿದ್ದಾರೆ ಎಂದು ಕೇಳಿದೆ. ತೀರಿಕೊಂಡು ಎರಡು ಚಳಿಗಾಲವಾಯಿತು ಎಂದರು.

"ಹಾಗಾದರೆ ಈಗ ನೋವಾಗುವುದು ಯಾರಿಗೆ?"

ಈ ವಾಕ್ಯ ನನ್ನ ಹಾಳೆಯಲ್ಲಿ ಇರಲಿಲ್ಲ. ಎದುರಾಳಿಯ ಮಾತಿನೊಳಗಿಂದಲೇ ಆಯುಧ ಕಿತ್ತುಕೊಳ್ಳುವುದು ಮೂರನೆಯ ಮಾತುಗಾರ್ತಿಯ ಕೆಲಸ, ಬಾಯಿಗೆ ತಾನಾಗಿ ಬರುತ್ತದೆ. ಆ ಕಡೆ ಕೆಟಲ್ ಒಂದು ಕೂಗಿ ಕೂಗಿ ತಾನೇ ನಿಂತಿತು. ಡಿಬೇಟಿನಲ್ಲಿ ನಮಗೆ ಕಲಿಸಿದ ಮೊದಲ ನಿಯಮ, ಉತ್ತರ ಬಾರದ ವಾದ ಗೆದ್ದ ವಾದ. ಕಾಯುವುದೂ ಅಲ್ಲೇ ಕಲಿತದ್ದು. ನಾನು ಕಾದೆ.

"ಇದರಲ್ಲಿ ನೀನು ಚೆನ್ನಾಗಿ ಪಳಗಿದ್ದೀಯ," ಅಂದರು ಕೊನೆಗೆ. "ಸರಿ, ಕಾಗದ ಕಳಿಸು."

ಒಪ್ಪಂದ ಸಹಿಯಾಗಿ ಬಂತು. ಪುಟಗಳು ಸಿದ್ಧವಾದ ಮೇಲೆ ಒಂದು ಸೆಟ್ಟನ್ನು ತಿದ್ದಲು ಅವರಿಗೆ ಕಳಿಸಿ, ಇನ್ನೊಂದನ್ನು ಅದೇ ವಾರಗಳಲ್ಲಿ ನಾವು ಕಲ್ಲುಮೇಜಿನಲ್ಲಿ ಓದತೊಡಗಿದೆವು. ಏಳನೆಯ ಅಧ್ಯಾಯದಲ್ಲಿ ನೆರಳು ಎರಡು ಸಾಲು ನುಂಗಿ, ಅವುಗಳ ಹಿಂದಿನ ಮುಂದಿನ ಸಾಲುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕಿವಿಗೆ ಹೆಡ್‌ಫೋನು ಹಾಕಿ ಕುಳಿತ ಅಕ್ಕ ಅದೇ ವಾಕ್ಯದಲ್ಲಿ ಮೊಣಕೈವರೆಗೆ ಹಿಟ್ಟು ಕಲಸುತ್ತಿದ್ದಳು. ಅಂಕಲ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಇದನ್ನು ನೋಡಿ ಲೇಖಕಿ ನಮ್ಮನ್ನು ಚೆನ್ನಾಗಿ ಉಗಿದಿರುತ್ತಾರೆ ಎಂದುಕೊಂಡೆವು.

ಅವರ ಸೆಟ್ಟು ಬಂದಾಗ ಮೊದಲು ಆ ಪುಟವನ್ನೇ ತೆರೆದೆ. ಏನೂ ಇರಲಿಲ್ಲ.

ಹಿಂದಕ್ಕೂ ಮುಂದಕ್ಕೂ ತಿರುವಿದೆ. ಅವರು ಬಹಳ ಶ್ರದ್ಧೆಯಿಂದ ಓದಿದ್ದರು. ಗೋಧಿ ಚೀಲ ಹೊಲಿಯುವ ದಬ್ಬಣವನ್ನು ಹಿಡಿಯುವ ರೀತಿಯನ್ನು ಸರಿಮಾಡಿದ್ದರು. ನಮ್ಮ ಕಂಪ್ಯೂಟರು ಹೆಣ್ಣು ಮಾಡಿದ್ದ ನಾಯಿಯೊಂದನ್ನು ಗಂಡು ಎಂದು ತಿದ್ದಿ, ಪಕ್ಕದಲ್ಲಿ ಅದರ ಪರವಾಗಿ ದೂರು ಬರೆದಿದ್ದರು. ಓದಿ ಮುಗಿಸಿದ ಪ್ರತಿ ಪುಟದ ಕೆಳಗೆ ಪೆನ್ಸಿಲಿನ ಸಣ್ಣ ಟಿಕ್. ಆರನೆಯ ಅಧ್ಯಾಯದ ಕೊನೆಯ ಪುಟಕ್ಕೆ ಟಿಕ್, ಎಂಟನೆಯದರ ಮೊದಲ ಪುಟಕ್ಕೆ ಟಿಕ್. ನಡುವಿನ ಹದಿನಾಲ್ಕು ಪುಟ ನಾವು ಕಳಿಸಿದ ಹಾಗೆಯೇ ವಾಪಸು ಬಂದಿದ್ದವು.

ಅವರು ಇದನ್ನು ಓದಿಯೇ ಇಲ್ಲ ಎಂದೆ. ಓದಿ ಸರಿಯಿದೆ ಎಂದು ಬಿಟ್ಟಿರಬಹುದು ಎಂದರು ಅಂಕಲ್. ಹಿಟ್ಟು ಕಲಸುವುದು ಸರಿಯಿದೆಯೇ ಎಂದು ಕೇಳಿದೆ. ಅವರು ಸ್ಕೇಲನ್ನು ಮೇಜಿನ ಮೇಲೆ ಅತ್ತ ಇತ್ತ ಜರುಗಿಸಿದರು.

"ಮೌನಂ ಸಮ್ಮತಿಲಕ್ಷಣಂ ಅಂತಾರಲ್ಲಮ್ಮ. ಬೇಡದೇ ಇದ್ರೆ ಬೇಡ ಅಂತ ಬರೀತಿದ್ರು. ಟುವಾಸ್ ಪ್ರೆಸ್‌ನೋರು ಗುರುವಾರಕ್ಕೆ ಮೆಷಿನ್ ಬುಕ್ ಮಾಡಿದಾರೆ."

ಅದಕ್ಕೆ ನನ್ನ ಬಳಿ ಉತ್ತರ ಇತ್ತು. ಒಂದಲ್ಲ, ಎರಡು ಮೂರು. ಬೇಡ ಎಂದು ಅವರು ಬರೆದಿದ್ದರು, ಪೋಸ್ಟ್‌ಕಾರ್ಡಿನಲ್ಲಿ, ಮೊದಲೇ. ಆದರೆ ಆ ಉತ್ತರಗಳಲ್ಲಿ ಯಾವುದನ್ನು ಎತ್ತಿದರೂ ಅದು ಅಂಕಲ್ ಅವರಿಗಿಂತ ಮೊದಲು ನನಗೆ ತಗಲುತ್ತಿತ್ತು. ಫೋನು ಕೈಯಲ್ಲೇ ಇತ್ತು. ಗೆದ್ದ ವಾದವನ್ನು ತಾನಾಗಿ ಮತ್ತೆ ತೆರೆದವರನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ಸುಮ್ಮನಿದ್ದೆ. ಅಂಕಲ್ ನನ್ನ ಮೌನವನ್ನೂ ಸಮ್ಮತಿಯೆಂದೇ ತಿಳಿದರು. ನುಂಗಿಹೋದ ಎರಡು ಸಾಲನ್ನು ನಾನೇ ಹಳೆಯ ಪುಸ್ತಕದಿಂದ ಟೈಪು ಮಾಡಿ ಸೇರಿಸಿದೆ. ಗುರುವಾರ ಪುಸ್ತಕ ಅಚ್ಚಾಯಿತು.

ಜನರಿಗೆ ಇಷ್ಟವಾಯಿತು. ಅದನ್ನು ಮುಚ್ಚಿಟ್ಟರೆ ನಾನು ಮೋಸದ ವಾದ ಮಾಡಿದಂತಾಗುತ್ತದೆ. ಬೆಡೋಕ್‌ನ ಓದುಗರ ಗುಂಪೊಂದು ನಮ್ಮನ್ನು ಕರೆದಿತ್ತು. ಅಲ್ಲಿ ನಿವೃತ್ತ ನರ್ಸ್ ಒಬ್ಬರು ಏಳನೆಯ ಅಧ್ಯಾಯ ಓದಿ ಮುಗಿಸಿ ಗಡಿಯಾಚೆಯ ಇಪೋದಲ್ಲಿರುವ ತಮ್ಮ ಅಕ್ಕನಿಗೆ ಎಷ್ಟೋ ಕಾಲದ ಮೇಲೆ ಫೋನ್ ಮಾಡಿದೆ ಎಂದರು. ಅಂಕಲ್ ನನ್ನ ಕಡೆ ನೋಡಿದರು. ಹಿಂದೆ ನಾನು ಹೇಳಿದ್ದ ಆತ್ಮತೃಪ್ತಿಯ ಮಾತಿಗೆ ಅದು ಅವರ ಉತ್ತರ, ನ್ಯಾಯವಾದ ಉತ್ತರವೇ. ಆ ಅಧ್ಯಾಯ ಚೆನ್ನಾಗಿದೆ. ಅದು ಚೆನ್ನಾಗಿರುವುದರಿಂದ ನಾನು ಮಾಡಿದ್ದು ಸರಿಯಾಗುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ, ಎರಡನ್ನೂ ಬೆರೆಸಬಾರದು.

ಒಂದೂವರೆ ತಿಂಗಳ ಹಿಂದೆ ಅಂಕಲ್, ಪ್ರತಿಗಳು ಮುಗಿಯುತ್ತ ಬಂದವು, ಇನ್ನೊಂದು ಮುದ್ರಣಕ್ಕೆ ಹೇಳೋಣ ಎಂದರು. ಅಂದು ಮನೆಗೆ ಬಂದು, ಹುರುಳಿಕಾಯಿ ಹೆಚ್ಚುತ್ತಿದ್ದ ಅಮ್ಮನಿಗೆ ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಕೊನೆಗೆ, ಅವರೇ ಸರಿ ಅಂದರಲ್ಲ ಎಂದು ನನ್ನ ಪರವಾಗಿ ಮುಗಿಸಿದೆ.

ಅಮ್ಮ ಚಾಕು ನಿಲ್ಲಿಸಲಿಲ್ಲ. "ನಾನು ನಿಂಗೆ ಎಷ್ಟು ಸಲ 'ಸರಿ ಬಿಡು' ಅಂದಿದೀನಿ. ಅಷ್ಟೂ ಸಲ ಒಪ್ಕೊಂಡಿದೀನಿ ಅಂದ್ಕೊಂಡಿದೀಯಾ?"

ಅಮ್ಮ ಗೆದ್ದಂತೆ ನೋಡಲಿಲ್ಲ. ತಟ್ಟೆಯನ್ನು ನನ್ನ ಕಡೆ ತಳ್ಳಿದಳು, ಉಳಿದ ಕಾಯಿ ನಾನು ಹೆಚ್ಚಿದೆ.

ಮರುದಿನ ಅಂಕಲ್ ಅವರಿಗೆ, ನಾನು ಲೇಖಕಿಗೆ ಪತ್ರ ಬರೆದು ಉತ್ತರ ಬರುವವರೆಗೆ ಪ್ರೆಸ್ಸಿಗೆ ಹೇಳಬೇಡಿ ಎಂದೆ. ಉತ್ತರ ಬಾರದಿದ್ದರೆ ಎಂದರು. ಬಾರದಿದ್ದರೆ ಅದನ್ನು ಹೌದು ಎಂದು ಓದುವುದು ಬೇಡ ಎಂದೆ. ಅವರು ವಾದ ಮಾಡಲಿಲ್ಲ. ಕಪಾಟಿನಿಂದ ಹಳೆಯ ಪ್ರತಿಯನ್ನು ತೆಗೆದು, ಒಳಗಿದ್ದ ಪೋಸ್ಟ್‌ಕಾರ್ಡನ್ನು ವಿಳಾಸಕ್ಕೆಂದು ನನ್ನ ಕೈಗೆ ಕೊಟ್ಟರು.

ಪತ್ರವನ್ನು ಕೈಯಲ್ಲೇ ಬರೆದೆ. ಮೂರು ಅಂಶಗಳಿಲ್ಲ. ಏಳನೆಯ ಅಧ್ಯಾಯಕ್ಕೆ ಟಿಕ್ ಇಲ್ಲದ್ದನ್ನು ನಾನು ನೋಡಿದ್ದೆ, ನೋಡಿಯೂ ಫೋನ್ ಮಾಡಲಿಲ್ಲ ಎಂದು ಬರೆದೆ. ಬೇಡವೆಂದರೆ ಪುಸ್ತಕ ಇಲ್ಲಿಗೇ ನಿಲ್ಲುತ್ತದೆ, ಕಾರಣ ಕೊಡಬೇಕಾಗಿಲ್ಲ, ಕೊಟ್ಟರೂ ನಾನು ಅದಕ್ಕೆ ಪ್ರತಿವಾದ ಹೂಡುವುದಿಲ್ಲ ಎಂದು ಬರೆದೆ. ನಮ್ಮ ವಿಳಾಸ ಬರೆದ ಇನ್ನೊಂದು ಲಕೋಟೆಯನ್ನೂ ಒಳಗಿಟ್ಟೆ. ಅಂಚೆಗೆ ಹಾಕಿ ಐದು ವಾರವಾಯಿತು, ಉತ್ತರ ಇನ್ನೂ ಬಂದಿಲ್ಲ. ಪತ್ರದ ಕೊನೆಯ ಸಾಲು ಇದು: ಆ ದಿನ ಫೋನಿನಲ್ಲಿ ನೀವು ಒಪ್ಪಿದಿರಾ, ಇಲ್ಲಾ ನನ್ನ ಜೊತೆ ಮಾತಾಡಿ ಸಾಕಾಯಿತೇ?